ಗೇಮ್ ಓಡ್ತಿಲ್ಲ, ದುಡ್ಡೂ ಜಾಸ್ತಿ ಇಲ್ಲ: ಮೊದಲು ಯಾವುದನ್ನು ಬದಲಾಯಿಸಲಿ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಗೋಳು. ಕಂಪ್ಯೂಟರ್ ಹಳೆಯದು, ಆಡಬೇಕು ಅನ್ನಿಸಿದ ಗೇಮ್ ಹೊಸದು, ಕೈಯಲ್ಲಿರುವ ದುಡ್ಡು ಒಂದೇ ಒಂದು ಪಾರ್ಟ್ ತರುವಷ್ಟು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ ಇವತ್ತು ಇದೊಂದನ್ನೇ ಹಿಡಿದು ಕೂತಿದ್ದೇನೆ. "ಬೆಲೆ ಎಷ್ಟು ಹೇಳಿ" ಎಂದು ಕೇಳಿದವರು ಕ್ಷಮಿಸಬೇಕು. ನಾನು ಬರೆದದ್ದು ಅಚ್ಚಾಗಿ ನಿಮ್ಮ ಕೈಗೆ ಬರುವಷ್ಟರಲ್ಲಿ ಬೆಲೆ ಬೇರೆಯೇ ಆಗಿರುತ್ತದೆ.

ಪ್ರಶ್ನೆ: ಆಫೀಸಿನವರು ಹಳೆಯದಾಯಿತು ಎಂದು ಮಾರಿದ ಡೆಸ್ಕ್‌ಟಾಪ್ ತಂದಿದ್ದೇನೆ. ಕೋರ್ ಐ5-4570 ಪ್ರೊಸೆಸರ್, 8 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), 500 ಜಿಬಿ ಹಾರ್ಡ್ ಡಿಸ್ಕ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ಎಸ್‌ಎಂಪಿಎಸ್ (ಒಳಗಿನ ಪಾರ್ಟುಗಳಿಗೆಲ್ಲ ಕರೆಂಟ್ ಹಂಚುವ ಡಬ್ಬಿ) ಮೇಲೆ 290 ವ್ಯಾಟ್ ಎಂದು ಬರೆದಿದೆ. ಈ ತಿಂಗಳು ಒಂದು ಪಾರ್ಟ್ ತರಬಹುದು, ಮೂರ್ನಾಲ್ಕು ತಿಂಗಳು ಬಿಟ್ಟು ಇನ್ನೊಂದು. ಯಾವುದರಿಂದ ಶುರು ಮಾಡಲಿ?

ಉತ್ತರ: ಗ್ರಾಫಿಕ್ಸ್ ಕಾರ್ಡಿನಿಂದಲೇ. ನಿಮ್ಮ ಪ್ರೊಸೆಸರ್ ಒಳಗೆ ಕೂತಿರುವ ಗ್ರಾಫಿಕ್ಸ್ 2013ರ ಕಾಲದ್ದು. ವಿಡಿಯೊ ನೋಡುವುದಕ್ಕೆ ಸಾಕು, ಈಗಿನ ಗೇಮಿಗೆ ಏನೇನೂ ಸಾಲದು. ಆದರೆ ಯಾವ ಕಾರ್ಡ್ ಅನ್ನುವುದು ನಿಮ್ಮ ಆಸೆಯ ಮೇಲೂ ನಿಂತಿಲ್ಲ, ನನ್ನ ಸಲಹೆಯ ಮೇಲೂ ನಿಂತಿಲ್ಲ. ಅದನ್ನು ಹೇಳಬೇಕಾದದ್ದು ಎಸ್‌ಎಂಪಿಎಸ್.

ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ, ಮೊಬೈಲ್ ಟಾರ್ಚ್ ಹಿಡಿದು ಒಳಗೆ ನೋಡಿ. ಎಸ್‌ಎಂಪಿಎಸ್‌ನಿಂದ ಹೊರಟ ವೈರುಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದೇ ಇರುವ 6 ಪಿನ್ ಅಥವಾ 8 ಪಿನ್ ಕನೆಕ್ಟರ್ ಇದೆಯಾ? ಆಫೀಸ್ ಮಷೀನುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಇಲ್ಲ ಅಂದರೆ ಕಾರ್ಡಿಗೆ ಸಿಗುವುದು ಮದರ್‌ಬೋರ್ಡಿನ ಸ್ಲಾಟ್ ಕೊಡುವಷ್ಟು ಕರೆಂಟ್ ಮಾತ್ರ, ಹೆಚ್ಚೆಂದರೆ 75 ವ್ಯಾಟ್. ಅಷ್ಟರಲ್ಲೇ ಹೊಟ್ಟೆ ತುಂಬಿಸಿಕೊಳ್ಳುವ ಕಾರ್ಡುಗಳು ಬೆರಳೆಣಿಕೆಯಷ್ಟು. 2014ರ ಜಿಟಿಎಕ್ಸ್ 750 ಟಿಐ, 2016ರ 1050 ಟಿಐ, 2019ರ ಜಿಟಿಎಕ್ಸ್ 1650, ಮತ್ತೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಮೊದಲಿನ ಎರಡನ್ನು ಬಿಟ್ಟುಬಿಡಿ. ಅವು ಎಷ್ಟೇ ಅಗ್ಗಕ್ಕೆ ಸಿಕ್ಕಲಿ, ಹೊಸ ಗೇಮಿಗೆಂದು ಅವುಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಸರಿಪಡಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ, ಇನ್ನು ಬರುವುದು ಭದ್ರತೆಯ ಅಪ್‌ಡೇಟ್ ಮಾತ್ರ. ಸೆಕೆಂಡ್ ಹ್ಯಾಂಡ್ 1650 ನಿಮ್ಮ ಬಜೆಟ್ಟಿಗೆ ಸರಿಹೋಗಬಹುದು. ಇನ್ನೂ ಸ್ವಲ್ಪ ಹೊಂದಿಸಿಕೊಳ್ಳಲು ಆಗುವುದಾದರೆ 3050 6 ಜಿಬಿ ನೋಡಿ, 70 ವ್ಯಾಟಿನಲ್ಲೇ ಓಡುತ್ತದೆ.

ಇಲ್ಲಿ ಮೂರು ಕಡೆ ಜನ ಕಾಲು ಜಾರುತ್ತಾರೆ. 3050ರಲ್ಲೇ 8 ಜಿಬಿಯದು ಇನ್ನೊಂದಿದೆ, ಹೆಸರು ಅದೇ, ಆದರೆ ಅದು 130 ವ್ಯಾಟಿನದು, ಬೇರೆ ಕನೆಕ್ಟರ್ ಕೇಳುತ್ತದೆ. 1650ರಲ್ಲೂ ಕೆಲವು ಕಂಪನಿಗಳು 6 ಪಿನ್ ಸೇರಿಸಿ ಮಾರಿವೆ, ಹಾಗಾಗಿ ತಗೊಳ್ಳುವ ಕಾರ್ಡಿನ ಫೋಟೊ ತರಿಸಿ ಅದರ ಅಂಚನ್ನು ನೋಡಿ. ಮೂರನೆಯದು ಎಎಮ್‌ಡಿಯ ಆರ್‌ಎಕ್ಸ್ 6400. 53 ವ್ಯಾಟ್ ಅಷ್ಟೇ, ಕನೆಕ್ಟರ್ ಬೇಡ, ಕಾಗದದ ಮೇಲೆ ನೋಡಿದರೆ ನಿಮಗೆಂದೇ ಮಾಡಿದ ಹಾಗಿದೆ. ಆದರೆ ಅದು ಸ್ಲಾಟಿನಲ್ಲಿ ಮಾಹಿತಿ ಓಡಾಡುವ 16 ಲೇನುಗಳಲ್ಲಿ ಬಳಸುವುದು ನಾಲ್ಕೇ ನಾಲ್ಕು. ಸ್ಲಾಟಿನ ಪಿಸಿಐಇ 4.0 ಅನ್ನುವ ತಲೆಮಾರು ಇರುವ ಹೊಸ ಬೋರ್ಡಿನಲ್ಲಿ ನಡೆಯುತ್ತದೆ. ನಿಮ್ಮದು 3.0. ಅಲ್ಲಿ ದಾರಿಯ ಅಗಲ ಅರ್ಧಕ್ಕೆ ಇಳಿಯುತ್ತದೆ, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಗೇಮ್ ತಡವರಿಸುತ್ತದೆ.

ಕ್ಯಾಬಿನೆಟ್ ತೆಳ್ಳಗಿನದಾದರೆ ಮಾಮೂಲಿ ಕಾರ್ಡ್ ಒಳಗೆ ಹೋಗುವುದೇ ಇಲ್ಲ, ಲೋ ಪ್ರೊಫೈಲ್ ಅಂತ ಕೇಳಿ ತರಬೇಕು. ಸ್ಕೇಲ್ ಇಟ್ಟು ಎತ್ತರ, ಉದ್ದ ಎರಡನ್ನೂ ಅಳೆದುಕೊಳ್ಳಿ. ಸುಮ್ನೆ ಕಣ್ಣಳತೆಯಲ್ಲಿ ತಂದು ಆಮೇಲೆ ಕ್ಯಾಬಿನೆಟ್ಟಿನ ತಗಡು ಕತ್ತರಿಸಲು ಹೊರಟವರನ್ನು ನೋಡಿದ್ದೇನೆ.

ಎರಡನೇ ಕಂತಿಗೆ ರ‍್ಯಾಮ್. ಡಿಡಿಆರ್3ಯ ಇನ್ನೊಂದು 8 ಜಿಬಿ ಸ್ಟಿಕ್, ಇರುವುದರ ಸ್ಪೀಡಿನದ್ದೇ. ಒಟ್ಟು 16 ಆಗುವುದು ಒಂದು ಲಾಭ. ಇನ್ನೊಂದು, ಎರಡು ಸ್ಟಿಕ್ ಸರಿಯಾದ ಸ್ಲಾಟಿನಲ್ಲಿ ಕೂತರೆ ಡ್ಯುಯಲ್ ಚಾನೆಲ್ ಆಗಿ ಪ್ರೊಸೆಸರಿಗೆ ಮಾಹಿತಿ ಹೋಗುವ ದಾರಿ ಎರಡಾಗುತ್ತದೆ. ಇದನ್ನು ಸೆಕೆಂಡ್ ಹ್ಯಾಂಡ್ ತಂದರೆ ಸಾಕು. ಡಿಡಿಆರ್3ಗೆ ಈಗ ಹೊಸ ದುಡ್ಡು ಹಾಕಬಾರದು. ಆಮೇಲೆ ಸಾಟಾ ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಕೆಲಸವನ್ನೇ ತಿರುಗುವ ಭಾಗವಿಲ್ಲದೆ ಮಾಡುವ ಡಿಸ್ಕ್. ಎಸ್‌ಎಸ್‌ಡಿ ಹಾಕಿದರೆ ಎಫ್‌ಪಿಎಸ್ (ಸೆಕೆಂಡಿಗೆ ಪರದೆಗೆ ಬರುವ ಚಿತ್ರಗಳ ಸಂಖ್ಯೆ) ಏರುತ್ತದೆ ಅಂದುಕೊಂಡವರು ಬಹಳ. ಅದು ಏರುವುದಿಲ್ಲ. ಆದರೆ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದಿದರೆ ಇದು 500 ದಾಟುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಲ್ಲೊಂದು ಇಲ್ಲೊಂದು ಚೂರು ಹುಡುಕಿ ತರಲು ಹಾರ್ಡ್ ಡಿಸ್ಕಿನ ಹಾಗೆ ಮುಳ್ಳು ತಿರುಗಿಸುತ್ತಾ ಕೂರುವುದಿಲ್ಲ. ದೊಡ್ಡ ಮ್ಯಾಪಿನ ಗೇಮಿನಲ್ಲಿ ಹೊಸ ಜಾಗಕ್ಕೆ ಕಾಲಿಟ್ಟಾಗ ಅರ್ಧ ಸೆಕೆಂಡ್ ಗಕ್ಕನೆ ನಿಲ್ಲುತ್ತದಲ್ಲ, ಅದು ಕಡಿಮೆಯಾಗುತ್ತದೆ.

ಪ್ರೊಸೆಸರ್ ವಿಷಯ. ನಿಮ್ಮದು ನಾಲ್ಕು ಕೋರ್, ನಾಲ್ಕೇ ಥ್ರೆಡ್ (ಒಂದೇ ಸಲಕ್ಕೆ ನಡೆಸಬಲ್ಲ ಕೆಲಸದ ಸಾಲು). ಹೊಸ ಗೇಮುಗಳಲ್ಲಿ ಸರಾಸರಿ ಚೆನ್ನಾಗಿಯೇ ಕಾಣುತ್ತದೆ, ಆದರೆ ರಪ್ಪನೆ ಹಿಂದೆ ತಿರುಗಿದಾಗ ಚಿತ್ರ ಕುಂಟುತ್ತದೆ. ಅದೇ ಸಾಕೆಟ್ಟಿಗೆ ಐ7-4770 ಕೂರುತ್ತದೆ, ಅದಕ್ಕೆ ಎಂಟು ಥ್ರೆಡ್. ಅಗ್ಗಕ್ಕೆ ಸಿಕ್ಕರೆ ಹಾಕಿ, ಇಲ್ಲದಿದ್ದರೆ ಬಿಡಿ. ಈ ಮಷೀನಿಗೆ ಅದಕ್ಕಿಂತ ಮುಂದೆ ಹೋಗುವ ದಾರಿ ಇಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಇಂಟೆಲ್‌ನ ಎಂಟನೇ ಜನರೇಶನ್‌ಗಿಂತ ಹಳೆಯ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ, ನಿಮ್ಮದು ನಾಲ್ಕನೆಯದು. ಅದಕ್ಕೇ ಹೇಳುವುದು, ನಾಳೆ ಬಿಚ್ಚಿ ಬೇರೆ ಕಡೆ ಹಾಕಬಹುದಾದ ಕಾರ್ಡಿಗೆ, ಎಸ್‌ಎಸ್‌ಡಿಗೆ ದುಡ್ಡು ಹಾಕಿ. ಇಲ್ಲೇ ಹೂತುಹೋಗುವ ಪಾರ್ಟಿಗೆ ಬೇಡ.

ಪ್ರಶ್ನೆ: ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ ವಾರವಾಯಿತು. ಎಫ್‌ಪಿಎಸ್ ಒಂದು ಚೂರೂ ಏರಿಲ್ಲ. ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕೊಡಲಾ?

ಉತ್ತರ: ಕೊಡುವ ಮುಂಚೆ ಎದ್ದು ಕ್ಯಾಬಿನೆಟ್ಟಿನ ಹಿಂದೆ ಹೋಗಿ. ಮಾನಿಟರ್ ಕೇಬಲ್ ಎಲ್ಲಿಗೆ ಚುಚ್ಚಿದೆ ನೋಡಿ. ಮೇಲ್ಗಡೆ, ಯುಎಸ್‌ಬಿ ಪೋರ್ಟುಗಳ ಪಕ್ಕದಲ್ಲಿದ್ದರೆ ಅದು ಮದರ್‌ಬೋರ್ಡಿನದು. ಕೆಳಗೆ ಅಡ್ಡಡ್ಡಲಾಗಿ ಕೂತಿರುವ ಕಾರ್ಡಿನ ಪೋರ್ಟಿಗೆ ಬದಲಾಯಿಸಿ.

ನಗಬೇಡಿ, ನಾನೂ ಮಾಡಿದ್ದೇನೆ. ಮೂರು ದಿನ ಡ್ರೈವರ್ ತೆಗೆದು ಹಾಕಿ, ವಿಂಡೋಸನ್ನೇ ಹೊಸದಾಗಿ ಇನ್‌ಸ್ಟಾಲ್ ಮಾಡಿ, ಕೊನೆಗೆ ಗುಡಿಸುವಾಗ ಕೇಬಲ್ ಕಣ್ಣಿಗೆ ಬಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಕತೆ. ಕೇಬಲ್ ಸರಿಯಾದ ಕಡೆಯೇ ಇದ್ದರೆ ಕೆಳಗಿನ ಪ್ರಶ್ನೆ ಓದಿ.

ಪ್ರಶ್ನೆ: ಗೇಮ್ ನಿಧಾನವಾಗಲು ಪ್ರೊಸೆಸರ್ ಕಾರಣವೋ ಕಾರ್ಡ್ ಕಾರಣವೋ ಗೊತ್ತಾಗುವುದು ಹೇಗೆ? ಒಬ್ಬೊಬ್ಬ ಗೆಳೆಯ ಒಂದೊಂದು ಹೇಳುತ್ತಾನೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಬಳಕೆ 40 ಪರ್ಸೆಂಟ್ ಅಂತ ತೋರಿಸುತ್ತದೆ, ಹಾಗಾದರೆ ಅದರದೇನೂ ತಪ್ಪಿಲ್ಲ ಅಲ್ವಾ?

ಉತ್ತರ: ಆ 40 ಪರ್ಸೆಂಟ್ ನಂಬಬೇಡಿ. ಅದು ಎಲ್ಲ ಥ್ರೆಡ್‌ಗಳ ಸರಾಸರಿ. ಹನ್ನೆರಡು ಥ್ರೆಡ್‌ನಲ್ಲಿ ಎರಡು ಏದುಸಿರು ಬಿಡುತ್ತಾ ಇನ್ನು ಹತ್ತು ಆಕಳಿಸುತ್ತಾ ಕೂತಿದ್ದರೂ ಸರಾಸರಿ ಕಡಿಮೆಯೇ ಬರುತ್ತದೆ. ಗೇಮಿನ ಮುಖ್ಯ ಕೆಲಸ ಒಂದೆರಡು ಥ್ರೆಡ್ ಮೇಲೇ ಬೀಳುವುದು ಜಾಸ್ತಿ.

ಕಾರ್ಡಿನ ಬಳಕೆ ನೋಡಿ, ಅದು ಹೆಚ್ಚು ನಿಜ ಹೇಳುತ್ತದೆ. ಎಂಎಸ್‌ಐ ಆಫ್ಟರ್‌ಬರ್ನರ್ ಉಚಿತ, ಯಾವ ಕಂಪನಿಯ ಕಾರ್ಡಿಗೂ ನಡೆಯುತ್ತದೆ, ಆಡುವಾಗಲೇ ಸ್ಕ್ರೀನಿನ ಮೂಲೆಯಲ್ಲಿ ಅಂಕಿ ತೋರಿಸುತ್ತದೆ. ಕಾರ್ಡ್ ಬಳಕೆ 95ರ ಮೇಲೇ ಇದ್ದರೆ ಅದು ಶಕ್ತಿ ಮೀರಿ ದುಡಿಯುತ್ತಿದೆ ಎಂದರ್ಥ, ತಡೆ ಅಲ್ಲಿದೆ. 60, 70ರಲ್ಲಿ ಓಲಾಡುತ್ತಿದ್ದರೆ ಅದು ಯಾರಿಗೋ ಕಾಯುತ್ತಿದೆ. ಆ ಯಾರೋ ಸಾಮಾನ್ಯವಾಗಿ ಪ್ರೊಸೆಸರ್.

ಇನ್ನೂ ಗಟ್ಟಿ ಪರೀಕ್ಷೆ ಬೇಕಾ? ಗೇಮಿನಲ್ಲಿ ಜನ, ಗಾಡಿ, ಗಿಡಮರ ಜಾಸ್ತಿ ಇರುವ ಒಂದು ಜಾಗಕ್ಕೆ ಹೋಗಿ ಅಲ್ಲಾಡದೆ ನಿಲ್ಲಿ. ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಮತ್ತು ಎಫ್‌ಪಿಎಸ್ ಮಿತಿ ಎರಡನ್ನೂ ಆಫ್ ಮಾಡಿ. 1080ಪಿಯಲ್ಲಿ ಎಷ್ಟು ಬರುತ್ತದೆ ಬರೆದುಕೊಳ್ಳಿ, 45 ಅಂತಿಟ್ಟುಕೊಳ್ಳೋಣ. ಈಗ ರೆಸಲ್ಯೂಶನ್ 720ಪಿಗೆ ಇಳಿಸಿ ಅದೇ ಜಾಗದಲ್ಲಿ ಅದೇ ದಿಕ್ಕಿಗೆ ನೋಡಿ. 1080ಪಿ ಅಂದರೆ 20,73,600 ಪಿಕ್ಸೆಲ್, 720ಪಿ ಅಂದರೆ 9,21,600. ಕಾರ್ಡಿನ ಹೊರೆ ಅರ್ಧಕ್ಕಿಂತ ಕಮ್ಮಿಯಾಯಿತು. ಆದರೆ ಪ್ರೊಸೆಸರಿನ ಹೊರೆ ಅಷ್ಟೇ ಇದೆ, ಯಾಕೆಂದರೆ ಯಾರು ಎಲ್ಲಿ ನಿಂತಿದ್ದಾರೆ, ಗುಂಡು ಯಾರಿಗೆ ತಾಗಿತು, ಮುಂದಿನ ಫ್ರೇಮಿನಲ್ಲಿ ಏನೇನು ಬರೆಯಬೇಕು ಅನ್ನುವ ಲೆಕ್ಕ ಚಿತ್ರ ಚಿಕ್ಕದಾದ ಮಾತ್ರಕ್ಕೆ ಬದಲಾಗುವುದಿಲ್ಲ. 45 ಹೋಗಿ 75 ಆದರೆ ನಿಮಗೆ ಬೇಕಾದದ್ದು ಕಾರ್ಡ್. 45 ಹೋಗಿ 48 ಆದರೆ ಎಷ್ಟು ದೊಡ್ಡ ಕಾರ್ಡ್ ತಂದರೂ ಅಷ್ಟೇ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಆ ಜೋಡಿ ಆಗುತ್ತದೆ.

ಹತ್ತು ನಿಮಿಷದ ಕೆಲಸ, ಖರ್ಚು ಸೊನ್ನೆ. ಆದರೂ ನನಗೆ ಬರುವ ಪತ್ರಗಳಲ್ಲಿ ಇದನ್ನು ಮಾಡಿ ನೋಡಿ ಬರೆದವರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ.

ಪ್ರಶ್ನೆ: ರೈಜನ್ 5 1600, ಬಿ350 ಮದರ್‌ಬೋರ್ಡ್, ಜಿಟಿಎಕ್ಸ್ 1060 6 ಜಿಬಿ, 16 ಜಿಬಿ ರ‍್ಯಾಮ್. ನೀವು ಮೊದಲೊಮ್ಮೆ ಬರೆದ ಪರೀಕ್ಷೆ ಮಾಡಿದೆ, ಪ್ರೊಸೆಸರ್ ಕಡೆ ಬೆರಳು ತೋರಿಸಿತು. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಬದಲಾಯಿಸಬೇಕು ಅಂತಾರೆ. ಅಷ್ಟು ಶಕ್ತಿ ಇಲ್ಲ.

ಉತ್ತರ: ಇಲ್ಲವೇ ಇಲ್ಲ ಅಂದೆನಲ್ಲ, ಇಗೋ ಒಬ್ಬರು ಸಿಕ್ಕರು. ಪರೀಕ್ಷೆ ಮಾಡಿದ್ದಕ್ಕೆ ನಿಮಗೆ ಬಹುಮಾನವೂ ಇದೆ. ಮೂರೂ ಬದಲಾಯಿಸುವುದು ಬೇಡ. ನಿಮ್ಮ ಎಎಂ4 ಸಾಕೆಟ್ ಬಹಳ ಕಾಲ ಬಾಳಿದೆ. 2017ರ ಬೋರ್ಡಿಗೆ 2022ರ ರೈಜನ್ 5 5600 ಕೂರುತ್ತದೆ. ಆರು ಕೋರ್, ಹನ್ನೆರಡು ಥ್ರೆಡ್ ನಿಮ್ಮದರಷ್ಟೇ, ಆದರೆ ಒಂದೊಂದು ಕೋರಿನ ಕಸುವು ಎಷ್ಟೋ ಹೆಚ್ಚು, ಕರೆಂಟ್ 65 ವ್ಯಾಟೇ. ನಿಮ್ಮ 1600 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, 5600 ಇದೆ, ಆ ತಲೆನೋವೂ ಹೋಯಿತು.

ಮೊದಲು ಬೋರ್ಡ್ ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾದರಿಯ ಪ್ರೊಸೆಸರ್ ಪಟ್ಟಿ ತೆಗೆದು 5600ರ ಮುಂದೆ ಯಾವ ಬಯೋಸ್ (ಕಂಪ್ಯೂಟರನ್ನು ಶುರುಮಾಡುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಬರೆದಿದೆ ನೋಡಿ. ಹಳೆಯ ಪ್ರೊಸೆಸರ್ ಇರುವಾಗಲೇ ಆ ಬಯೋಸ್ ಹಾಕಬೇಕು. ಹೊಸದನ್ನು ಕೂರಿಸಿ ಆಮೇಲೆ ಹಾಕುತ್ತೇನೆ ಅಂದರೆ ಸ್ಕ್ರೀನೇ ಬರುವುದಿಲ್ಲ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಯುಪಿಎಸ್ ಇದ್ದವರಿಂದ ಒಂದು ಗಂಟೆಗೆ ಕೇಳಿ ತನ್ನಿ.

ಇನ್ನು ಕೂಲರ್ ತೆಗೆಯುವುದು. ಇಲ್ಲಿ ದಯವಿಟ್ಟು ಆತುರ ಬೇಡ. ಎಎಂ4ನಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ, ಸಾಕೆಟ್ಟಿನಲ್ಲಿ ಅಲ್ಲ. ವರ್ಷಗಟ್ಟಲೆ ಒಣಗಿದ ಥರ್ಮಲ್ ಪೇಸ್ಟ್ ಗೋಂದಿನ ಹಾಗೆ ಹಿಡಿದಿರುತ್ತದೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಅದರ ಅಡಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಹತ್ತು ಹದಿನೈದು ನಿಮಿಷ ಒಂದು ಗೇಮ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಕೂಲರನ್ನು ಬಾಟಲಿ ಮುಚ್ಚಳದ ಹಾಗೆ ಆ ಕಡೆ ಈ ಕಡೆ ನಿಧಾನಕ್ಕೆ ತಿರುಗಿಸಿ. ಅಂಟು ಬಿಟ್ಟದ್ದು ಕೈಗೇ ಗೊತ್ತಾಗುತ್ತದೆ. ಆಗ ಎತ್ತಿ.

ಬಯೋಸಿಗೆ ಹೋದಾಗ ರ‍್ಯಾಮ್ ಸ್ಪೀಡನ್ನೂ ನೋಡಿಬಿಡಿ. 3000, 3200 ಅಂತ ಬರೆದ ಸ್ಟಿಕ್ ತಂದಿದ್ದರೂ ಬಯೋಸಿನಲ್ಲಿ ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಆನ್ ಮಾಡದಿದ್ದರೆ ಅದು 2133ರಲ್ಲೋ 2400ರಲ್ಲೋ ತೆವಳುತ್ತಿರುತ್ತದೆ. ರೈಜನ್‌ಗಳಿಗೆ ರ‍್ಯಾಮ್ ಸ್ಪೀಡ್ ಮುಖ್ಯ. ಕೆಲವು ಬೋರ್ಡುಗಳಲ್ಲಿ ಇದೇ ಡಿಒಸಿಪಿ ಅನ್ನುವ ಹೆಸರಿನಲ್ಲಿರುತ್ತದೆ. ಕಾರ್ಡಿನ ಸರದಿ ಬಂದಾಗ ಆರ್‌ಎಕ್ಸ್ 6600 ನೋಡಿ, 8 ಜಿಬಿ, 132 ವ್ಯಾಟ್. ಅಲ್ಲಿಯವರೆಗೆ 1060 ಓಡಲಿ.

ಪ್ರಶ್ನೆ: ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್ ಮೇಲೆ ದೊಡ್ಡದಾಗಿ 500 ಎಂದಿದೆ. ಇದಕ್ಕೆ ಆರ್‌ಎಕ್ಸ್ 6600 ಹಾಕಬಹುದಾ?

ಉತ್ತರ: ದೊಡ್ಡ ಅಕ್ಷರ ಬಿಡಿ, ಪಕ್ಕದ ಸ್ಟಿಕ್ಕರಿನಲ್ಲಿರುವ ಸಣ್ಣ ಅಕ್ಷರ ಓದಿ. +12ವಿ ಎಂದಿರುವ ಕಡೆ ಎಷ್ಟು ಆಂಪ್ ಇದೆ? ಅದನ್ನು 12ರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟಿನಿಂದಲೇ. 18 ಆಂಪ್ ಇದ್ದರೆ 216 ವ್ಯಾಟ್, ಅಂದರೆ ನಿಮ್ಮ 500ರಲ್ಲಿ ಕೆಲಸಕ್ಕೆ ಬರುವುದು ಅಷ್ಟೇ. ಒಳ್ಳೆಯ 450 ವ್ಯಾಟಿನದರಲ್ಲಿ ಇದೇ ಅಂಕಿ 36ರ ಆಸುಪಾಸು ಇರುತ್ತದೆ, ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿಗೇ ಸಿಗುತ್ತದೆ. ಜೊತೆಗೆ 80 ಪ್ಲಸ್ ಅನ್ನುವ ದಕ್ಷತೆಯ ಗುರುತು ಇದೆಯಾ, ಗ್ಯಾರಂಟಿ ಎಷ್ಟು ವರ್ಷ ಅಂತಲೂ ನೋಡಿ. ಐದು ವರ್ಷ ಕೊಡುವವನು ಸುಮ್ನೆ ಕೊಡುವುದಿಲ್ಲ.

ನಾನು ಈ ಪಾಠ ಕಲಿತದ್ದು ಕತ್ತಲಲ್ಲಿ. ಹೆಸರು ಕೇಳಿಲ್ಲದ ಒಂದು ಎಸ್‌ಎಂಪಿಎಸ್, ಕೈಗೆತ್ತಿಕೊಂಡರೆ ಖಾಲಿ ಡಬ್ಬದಷ್ಟು ಹಗುರ. ಹೊಸ ಕಾರ್ಡ್ ಹಾಕಿ ನಾಲ್ಕನೇ ದಿನ, ಗೇಮಿನಲ್ಲಿ ದೊಡ್ಡ ಕಾಳಗ ಶುರುವಾಗಿ ಇನ್ನೇನು ಗೆಲ್ಲಬೇಕು, 'ಟಪ್' ಅಂತ ಸದ್ದು, ಸುಟ್ಟ ವಾಸನೆ, ಮನೆಯ ಫ್ಯೂಸೂ ಹೋಯಿತು. ಕಾರ್ಡ್ ಬದುಕಿತು, ಮದರ್‌ಬೋರ್ಡ್ ಹೋಯಿತು. ಎಸ್‌ಎಂಪಿಎಸ್‌ನಲ್ಲಿ ಉಳಿಸಿದ್ದರ ಎಷ್ಟೋ ಪಟ್ಟು ಬೋರ್ಡಿಗೆ ಕೊಟ್ಟೆ. ಹಾಗಾಗಿ ನಿಮ್ಮ ಲೆಕ್ಕದಲ್ಲಿ 12 ವೋಲ್ಟಿನ ಅಂಕಿ 300ರ ಕೆಳಗೆ ಬಂದರೆ ಕಾರ್ಡಿನ ದುಡ್ಡಲ್ಲೇ ಸ್ವಲ್ಪ ಕಡಿಮೆ ಮಾಡಿ ಮೊದಲು ಅದನ್ನು ಬದಲಾಯಿಸಿ. ಇನ್ನೊಂದು ಮಾತು, ಹಳೆಯ ಎಸ್‌ಎಂಪಿಎಸ್ ಡಬ್ಬಿಯನ್ನು ಕುತೂಹಲಕ್ಕೂ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಡ್ ತಗೊಳ್ಳಲು ಭಯ. ಕ್ರಿಪ್ಟೊ ಹಣ ಗಳಿಸಲೆಂದು ಓಡಿಸಿದ್ದು, ಅಂದರೆ ಮೈನಿಂಗ್ ಮಾಡಿದ್ದಾದರೆ?

ಉತ್ತರ: ಮೈನಿಂಗಿಗಿಂತ ಹೆಸರಿನ ಮೋಸಕ್ಕೆ ಜಾಸ್ತಿ ಹೆದರಿ. ಇಥೀರಿಯಂ ಅನ್ನುವ ಕ್ರಿಪ್ಟೊ ಹಣ 2022ರ ಸೆಪ್ಟೆಂಬರಿನಲ್ಲಿ ಮೈನಿಂಗ್ ಬೇಡದ ಪದ್ಧತಿಗೆ ಹೋಯಿತು, ಆಗ ರಾಶಿ ರಾಶಿ ಕಾರ್ಡುಗಳು ಮಾರಾಟಕ್ಕೆ ಬಂದವು. ಅದರಲ್ಲಿ ಚೆನ್ನಾಗಿ ನೋಡಿಕೊಂಡವೂ ಇದ್ದವು. ಹೆಚ್ಚಾಗಿ ಸವೆಯುವುದು ಫ್ಯಾನು, ಪೇಸ್ಟು, ಪ್ಯಾಡು. ಅವನ್ನು ಬದಲಾಯಿಸಬಹುದು.

ಹೆಸರಿನ ಮೋಸಕ್ಕೆ ಔಷಧಿ ಇಲ್ಲ. 2011ರ ಜಿಟಿಎಕ್ಸ್ 550 ಟಿಐ ಕಾರ್ಡಿನ ಬಯೋಸ್ ತಿದ್ದಿ 1050 ಟಿಐ ಅಂತ ಮಾರುತ್ತಾರೆ. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಜೆಡ್ ಅನ್ನುವ ಪುಟ್ಟ ಉಚಿತ ತಂತ್ರಾಂಶ ಓಡಿಸಿದರೆ ಅಂಥವನ್ನು ಹಿಡಿದು ಹೆಸರಿನ ಮುಂದೆಯೇ ಫೇಕ್ ಅಂತ ಬರೆಯುತ್ತದೆ. ಇನ್ನು ಮೋಸ ಅನ್ನಲಾಗದ ಮೋಸಗಳು ಬೇರೆ. ಆರ್‌ಎಕ್ಸ್ 580ಯಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಕೋರು) ಇರಬೇಕು, 2048 ಮಾತ್ರ ಇರುವ ಇನ್ನೊಂದು ಅದೇ ಹೆಸರಲ್ಲಿ ಓಡಾಡುತ್ತದೆ. ಜಿಟಿಎಕ್ಸ್ 1060ರ 3 ಜಿಬಿಯದರಲ್ಲಿ ಮೆಮೊರಿ ಅಷ್ಟೇ ಅಲ್ಲ, ಕೋರುಗಳೂ ಕಡಿಮೆ. ಜಿಟಿ 1030ಯಂತೂ ಜಿಡಿಡಿಆರ್5 ಬದಲು ಡಿಡಿಆರ್4 ಹಾಕಿಕೊಂಡು ಬಂದಾಗ ಮೆಮೊರಿ ವೇಗ ಸೆಕೆಂಡಿಗೆ 48 ಜಿಬಿಯಿಂದ ಸುಮಾರು 17ಕ್ಕೆ ಇಳಿಯಿತು, ಹೆಸರು ಮಾತ್ರ ಬದಲಾಗಲಿಲ್ಲ.

ಮಾರುವವನ ಮುಂದೆಯೇ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಎಲ್ಲವೂ ಚೆನ್ನಾಗಿಯೇ ಓಡುತ್ತದೆ, ತೊಂದರೆ ಕಾಣಿಸುವುದು ಬಿಸಿಯಾದ ಮೇಲೆ. ಪರದೆಯ ಮೇಲೆ ಬಣ್ಣದ ಚುಕ್ಕೆ, ಚೌಕ, ಗೆರೆ ಬಂದರೆ ಮೆಮೊರಿ ಹೋಗುವ ಹಂತದಲ್ಲಿದೆ. ಫ್ಯಾನುಗಳು ಎಲ್ಲ ತಿರುಗುತ್ತಿವೆಯಾ, ಕರಕರ ಸದ್ದು ಇದೆಯಾ ನೋಡಿ. ಅರ್ಧ ಗಂಟೆ ಓಡಿಸಲು ಒಪ್ಪದವನ ಹತ್ತಿರ ತಗೊಳ್ಳಬೇಡಿ, ಅಷ್ಟೇ.

ಪ್ರಶ್ನೆ: ಅಣ್ಣಾ, ನಾನಿನ್ನೂ ಕಾಲೇಜು. ಬಜೆಟ್ ಸೊನ್ನೆ. ಕಾರ್ಡ್ ಜಿಟಿಎಕ್ಸ್ 1050 ಟಿಐ. ಏನಾದರೂ ದಾರಿ ಇದೆಯಾ?

ಉತ್ತರ: ಇದೆ ತಮ್ಮಾ. ಮೊದಲು ಪ್ಲಗ್ ತೆಗೆದು ಕ್ಯಾಬಿನೆಟ್ ಬಿಚ್ಚು. ಪ್ರೊಸೆಸರ್ ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳಿವೆಯಲ್ಲ, ಅವುಗಳ ಸಂದಿಯಲ್ಲಿ ಧೂಳು ಕಂಬಳಿ ಹೊದ್ದು ಮಲಗಿರುತ್ತದೆ. ನನ್ನದರಲ್ಲಿ ಎರಡು ವರ್ಷದ ಧೂಳು ಒಂದೇ ಹಾಳೆಯಾಗಿ ಎದ್ದು ಬಂದಿತ್ತು. ಮೆತ್ತನೆಯ ಬ್ರಷ್ಷಿನಿಂದ ತೆಗಿ. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೋ, ಬಿಟ್ಟರೆ ಗಿರ್ರನೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ, ನೀನು ಅದನ್ನು ಗೇಮಿನ ತಪ್ಪು ಅಂದುಕೊಂಡಿರುತ್ತೀಯ.

ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಲೋ ಮಾಡಿ ಗೇಮನ್ನು ಮಣ್ಣಿನ ಮುದ್ದೆ ಮಾಡಬೇಡ. ನೆರಳು, ಮಂಜು, ಪ್ರತಿಫಲನ ಇವು ಮೂರನ್ನು ಮೊದಲು ಇಳಿಸು, ಹೆಚ್ಚಿನ ಹೊರೆ ಅಲ್ಲೇ. ಟೆಕ್ಸ್ಚರ್ ಮಾತ್ರ ಬೇರೆ. ಅದು ಕಾರ್ಡಿನ 4 ಜಿಬಿಯಲ್ಲಿ ಹಿಡಿಸುವವರೆಗೆ ಎಫ್‌ಪಿಎಸ್ ತಿನ್ನುವುದು ಬಹಳ ಕಮ್ಮಿ, ಹಾಗಾಗಿ ಮೀಡಿಯಂನಲ್ಲೇ ಬಿಡು. ಆಮೇಲೆ ಗೇಮಿನಲ್ಲಿ ಎಫ್‌ಎಸ್‌ಆರ್ ಅಂತ ಇದೆಯಾ ಹುಡುಕು. ಎಎಮ್‌ಡಿ 2021ರಲ್ಲಿ ಬಿಟ್ಟದ್ದು, ಚಿಕ್ಕ ಚಿತ್ರ ಬಿಡಿಸಿ ದೊಡ್ಡದು ಮಾಡಿ ತೋರಿಸುವ ತಂತ್ರ. ಎನ್‌ವಿಡಿಯಾದ ಇಂಥದ್ದೇ ಡಿಎಲ್‌ಎಸ್‌ಎಸ್‌ಗೆ ಆರ್‌ಟಿಎಕ್ಸ್ ಕಾರ್ಡೇ ಬೇಕು, ಆದರೆ ಎಫ್‌ಎಸ್‌ಆರ್‌ನ ಮೊದಲ ಮೂರು ತಲೆಮಾರು ನಿನ್ನ ಹಳೆಯ ಎನ್‌ವಿಡಿಯಾ ಕಾರ್ಡಿನಲ್ಲೂ ನಡೆಯುತ್ತವೆ. 1080ಪಿಯಲ್ಲಿ ಕ್ವಾಲಿಟಿ ಅಂತ ಆರಿಸಿದರೆ ಕಾರ್ಡ್ ನಿಜವಾಗಿ ಬಿಡಿಸುವುದು 1280×720 ಚಿತ್ರ, ಅದನ್ನು ಹಿಗ್ಗಿಸಿ ತಿದ್ದಿ ತೋರಿಸುತ್ತದೆ. ದೂರದ ತಂತಿ, ಹುಲ್ಲು ಸ್ವಲ್ಪ ಮಿಣಮಿಣ ಅನ್ನುತ್ತವೆ, ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಇಷ್ಟೆಲ್ಲ ಮಾಡಿಯೂ 35ರಿಂದ 55ರ ನಡುವೆ ಕುಣಿಯುತ್ತಿದ್ದರೆ ಕತೆ ಇರುವ ಗೇಮುಗಳಿಗೆ 30ರ ಮಿತಿ ಹಾಕಿ ನೋಡು. ಪ್ರತಿ ಫ್ರೇಮಿಗೂ 33.3 ಮಿಲಿಸೆಕೆಂಡ್, ಒಂದೇ ಸಮ. ಅಂಕಿ ಚಿಕ್ಕದು, ಆದರೆ ಕಣ್ಣಿಗೆ ಕುಣಿತಕ್ಕಿಂತ ಹಿತ. ಗುಂಡಿನ ಚಕಮಕಿಯ ಆನ್‌ಲೈನ್ ಗೇಮಿಗೆ ಇದು ಬೇಡ.

ಪ್ರಶ್ನೆ: ಮಗನಿಗೆ ಓದಲೆಂದು ಕೊಡಿಸಿದ ಲ್ಯಾಪ್‌ಟಾಪ್. ಈಗ ಗೇಮಿಗೆ ಸಾಲದು, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡಮ್ಮಾ ಅಂತ ಹಠ ಹಿಡಿದಿದ್ದಾನೆ.

ಉತ್ತರ: ಲ್ಯಾಪ್‌ಟಾಪಿಗೆ ಹಾಗೆ ಹಾಕಿಸಲು ಆಗುವುದಿಲ್ಲ ಮೇಡಂ. ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಅದು ಬೋರ್ಡಿಗೇ ಬೆಸೆದಿರುತ್ತದೆ. ರ‍್ಯಾಮ್ ಸ್ಲಾಟ್ ಖಾಲಿ ಇದ್ದರೆ ಇನ್ನೊಂದು ಸ್ಟಿಕ್ ಹಾಕಿಸಿ, ಬೇರೆ ಕಾರ್ಡಿಲ್ಲದ ಲ್ಯಾಪ್‌ಟಾಪಿನಲ್ಲಿ ಇದರಿಂದ ಗೇಮಿಗೂ ಚೆನ್ನಾಗಿಯೇ ಉಪಯೋಗವಾಗುತ್ತದೆ, ಒಳಗಿನ ಗ್ರಾಫಿಕ್ಸ್ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ. ಓದಿಗೂ ಆಯಿತು. ಹಾಸಿಗೆಯ ಮೇಲಿಟ್ಟು ಆಡದಿರಲು ಹೇಳಿ, ಕೆಳಗಿನ ಗಾಳಿ ಕಿಂಡಿ ಮುಚ್ಚಿ ಕಾದುಹೋಗುತ್ತದೆ.

ಪ್ರಶ್ನೆ: ನನ್ನ ಕಾರ್ಡ್ ಜಿಟಿಎಕ್ಸ್ 1650. 1440ಪಿ ಮಾನಿಟರ್ ಕಡಿಮೆಗೆ ಸಿಗುತ್ತಿದೆ, ತಗೊಳ್ಳಲಾ?

ಉತ್ತರ: ಬೇಡ. 36,86,400 ಪಿಕ್ಸೆಲ್, ಈಗಿನದಕ್ಕಿಂತ 1.78 ಪಟ್ಟು. ಕುಂಟುವ ಕುದುರೆಯ ಮೇಲೆ ಇನ್ನೊಬ್ಬನನ್ನು ಕೂರಿಸಿದ ಹಾಗೆ.

ಪ್ರಶ್ನೆ: ಎಷ್ಟು ದಿನ ಹೀಗೆ ತೇಪೆ ಹಾಕುತ್ತಾ ಹೋಗುವುದು ಸರ್? ಇನ್ನು ಸಾಕು ಅಂತ ಗೊತ್ತಾಗುವುದು ಯಾವಾಗ?

ಉತ್ತರ: ಗೇಮ್ ನಿಧಾನ ಓಡುವುದು ಬೇರೆ, ಓಪನ್ನೇ ಆಗದಿರುವುದು ಬೇರೆ. ನಿಧಾನಕ್ಕೆ ಸೆಟ್ಟಿಂಗ್ ಇದೆ, ತೇಪೆ ಇದೆ. ಎರಡನೆಯದಕ್ಕೆ ಏನೂ ಇಲ್ಲ. 2024ರಲ್ಲಿ ಬಂದ ಇಂಡಿಯಾನಾ ಜೋನ್ಸ್ ಗೇಮ್, 2025ರ ಡೂಮ್: ದ ಡಾರ್ಕ್ ಏಜಸ್ ಎರಡೂ ರೇ ಟ್ರೇಸಿಂಗ್ (ಬೆಳಕು ಸಾಗುವ ದಾರಿಯನ್ನೇ ಲೆಕ್ಕ ಹಾಕಿ ಚಿತ್ರ ಬಿಡಿಸುವುದು) ಇರುವ ಕಾರ್ಡನ್ನೇ ಕೇಳುತ್ತವೆ, ಜಿಟಿಎಕ್ಸ್ 10, 16 ಸರಣಿಗಳಿಗೆ ಅಲ್ಲಿ ಜಾಗವಿಲ್ಲ. ನೀವು ಆಡಬೇಕೆಂದಿರುವುದು ಅಂಥವೇ ಆದರೆ, ಅಥವಾ ಒಂದು ಪಾರ್ಟ್ ಬದಲಾಯಿಸಲು ಇನ್ನೆರಡನ್ನು ಬದಲಾಯಿಸಲೇಬೇಕಾದ ಹಂತಕ್ಕೆ ಬಂದಿದ್ದರೆ, ಕೈ ಬಿಗಿ ಹಿಡಿದು ಕೂಡಿಡಿ. ನೀವು ಆಡುವುದು ನಾಲ್ಕೈದು ವರ್ಷ ಹಳೆಯ ಗೇಮುಗಳೇ ಆದರೆ ಇನ್ನೂ ಎರಡು ವರ್ಷ ತೇಪೆಯಲ್ಲೇ ಆರಾಮಾಗಿ ಹೋಗಬಹುದು, ನಾನೂ ಹಾಗೇ ಹೋಗುತ್ತಿದ್ದೇನೆ.

ಹಳೆಯದನ್ನು ಮಾರಲು ಹೊರಟಾಗ ಮಾತ್ರ ಇಡಿಯಾಗಿ ಮಾರಬೇಡಿ. ಇಡೀ ಸಿಸ್ಟಮಿಗೆ ಬರುವ ಬೆಲೆಯಲ್ಲಿ ಎಸ್‌ಎಸ್‌ಡಿ ಇದ್ದರೂ ಒಂದೇ, ಇಲ್ಲದಿದ್ದರೂ ಹೆಚ್ಚುಕಡಿಮೆ ಒಂದೇ. ಅದನ್ನು ಬಿಚ್ಚಿಟ್ಟುಕೊಳ್ಳಿ, ಎಸ್‌ಎಂಪಿಎಸ್ ಒಳ್ಳೆಯದಾಗಿದ್ದರೆ ಅದನ್ನೂ. ಎಸ್‌ಎಂಪಿಎಸ್‌ನ ವೈರುಗಳು ಬಿಚ್ಚಿ ಹಾಕುವ ತರದವಾದರೆ ಅವನ್ನೂ ಅದರ ಜೊತೆಯೇ ಕಟ್ಟಿಡಿ. ಬೇರೆ ಕಂಪನಿಯ ವೈರು ನೋಡಲು ಒಂದೇ ಥರ ಇದ್ದರೂ ಒಳಗಿನ ಪಿನ್ ಜೋಡಣೆ ಬೇರೆ ಇರುತ್ತದೆ, ಚುಚ್ಚಿದರೆ ಹೊಸ ಎಸ್‌ಎಸ್‌ಡಿ ಸುಟ್ಟುಹೋಗಬಹುದು.